‘ನಾರ್ಮಲ್’ ಅಂದರೆ ಎಷ್ಟು ಅಂತ ಕೇಳಿ: ಕೆನಡಾದ ಬ್ರಾಂಪ್ಟನ್‌ನಿಂದ ಬಂದ ಒಂದು ಪತ್ರಕ್ಕೆ ಉತ್ತರ

ಓದುಗರ ಪ್ರಶ್ನೆ:

“ಮೇಡಂ, ನನಗೆ 41 ವರ್ಷ. ಹಾಸನದ ಕಡೆಯವಳು. ಆರು ವರ್ಷದಿಂದ ಬ್ರಾಂಪ್ಟನ್‌ನಲ್ಲಿದ್ದೇವೆ, ಡೇಕೇರ್‌ನಲ್ಲಿ ಕೆಲಸ ಮಾಡುತ್ತೇನೆ, ಇಬ್ಬರು ಮಕ್ಕಳು. ಎರಡು ವರ್ಷದಿಂದ ಮುಟ್ಟಾದಾಗ ಎಂಟು ಒಂಬತ್ತು ದಿನ ಬ್ಲೀಡಿಂಗ್ ಆಗುತ್ತದೆ. ಮೊದಲ ಮೂರು ದಿನ ಒಂದೂವರೆ ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು, ಗಡ್ಡೆ ಗಡ್ಡೆಯಾಗಿ ಹೋಗುತ್ತದೆ. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ, ಕೂದಲು ಉದುರುತ್ತಿದೆ, ರಾತ್ರಿ ಕಾಲು ಒಂದು ಕಡೆ ಇರುವುದಿಲ್ಲ. ಫ್ಯಾಮಿಲಿ ಡಾಕ್ಟರ್ ಹತ್ತಿರ ಮೂರು ಸಲ ಹೋದೆ. ‘ಈ ವಯಸ್ಸಿಗೆ ಇದೆಲ್ಲ ನಾರ್ಮಲ್, ಸ್ಟ್ರೆಸ್ ಕಡಿಮೆ ಮಾಡಿ, ಪಾಲಕ್ ತಿನ್ನಿ’ ಅಂದರು. 2023ರ ರಿಪೋರ್ಟ್‌ನಲ್ಲಿ ಹಿಮೋಗ್ಲೋಬಿನ್ 122, ಫೆರಿಟಿನ್ 16, ಎರಡೂ ನಾರ್ಮಲ್ ಅಂತಲೇ ಇದೆ. ಆಮೇಲೆ ಸ್ಕ್ಯಾನ್ ಮಾಡಿಸಿದರು, ಗರ್ಭಕೋಶದಲ್ಲಿ 4 ಸೆಂಟಿಮೀಟರ್ ಫೈಬ್ರಾಯ್ಡ್ ಗಡ್ಡೆ ಇದೆಯಂತೆ. ಗೈನಕಾಲಜಿಸ್ಟ್ ಅಪಾಯಿಂಟ್‌ಮೆಂಟ್ ಒಂಬತ್ತು ತಿಂಗಳು ಬಿಟ್ಟು ಇದೆ. ಊರಿಂದ ಅಮ್ಮ ‘ಬಂದು ಗರ್ಭಕೋಶ ತೆಗೆಸಿಕೊಂಡು ಹೋಗು, ಪೀಡೆ ಕಳೆಯಲಿ’ ಅನ್ನುತ್ತಾರೆ. ಜಾಸ್ತಿ ಕೇಳಿದರೆ ಡಾಕ್ಟರ್ ಕೈಬಿಟ್ಟಾರು ಅಂತ ಭಯ. ಇನ್ನೂ ಪಿಆರ್ (ಕಾಯಂ ವಾಸದ ಅನುಮತಿ) ಮೇಲೇ ಇದ್ದೇವೆ, ಪೌರತ್ವ ಆಗಿಲ್ಲ, ದೂರು ಗೀರು ಕೊಟ್ಟರೆ ಅದಕ್ಕೇನಾದರೂ ತೊಂದರೆಯಾ? ನಾನು ಸುಮ್ನೆ ಹೆದರುತ್ತಿದ್ದೇನಾ?”

ಉತ್ತರ:

ಇಲ್ಲಮ್ಮ, ನೀವು ಸುಮ್ನೆ ಹೆದರುತ್ತಿಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ. ನಿಮ್ಮ ಪತ್ರದಲ್ಲಿ ಒಂದು ನಂಬರ್ ಓದಿ ನನಗೆ ಹೊಟ್ಟೆ ಉರಿಯಿತು. ಫೆರಿಟಿನ್ 16. ಅದು ನಾರ್ಮಲ್ ಅಲ್ಲ.

ನಾನು ನಿಮ್ಮ ಒಂಟಾರಿಯೊ ಪ್ರಾಂತ್ಯದಲ್ಲೇ ಇಪ್ಪತ್ತು ವರ್ಷಕ್ಕೂ ಹೆಚ್ಚು ನರ್ಸ್ ಆಗಿ ದುಡಿದವಳು. ಮೊದಲು ಹೆಂಗಸರ ವಾರ್ಡಿನಲ್ಲಿದ್ದೆ, ಆಮೇಲೆ ಆಸ್ಪತ್ರೆಗೆ ಬರುವ ದೂರುಗಳನ್ನು ಕೇಳಿಸಿಕೊಳ್ಳುವ ವಿಭಾಗಕ್ಕೆ ಬಂದೆ. ನಿಮ್ಮಂಥ ಕಥೆಯನ್ನು ಕನ್ನಡದಲ್ಲಿ, ಪಂಜಾಬಿಯಲ್ಲಿ, ತಮಿಳಿನಲ್ಲಿ, ಇಂಗ್ಲಿಷಿನಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಒಬ್ಬೊಬ್ಬರೂ ಕೊನೆಗೆ ಕೇಳುವುದು ಇದನ್ನೇ: ನಾನು ಸುಮ್ನೆ ದೊಡ್ಡದು ಮಾಡುತ್ತಿದ್ದೇನಾ?

ಆ 16ರ ವಿಷಯ. ಹಿಮೋಗ್ಲೋಬಿನ್ ಅಂದರೆ ರಕ್ತದಲ್ಲಿ ಈಗ ಓಡಾಡುತ್ತಿರುವುದು. ಫೆರಿಟಿನ್ ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಮನೆಯಲ್ಲಿ ಅಕ್ಕಿ ಡಬ್ಬ ಬರಿದಾಗುತ್ತಾ ಬಂದರೂ ಇವತ್ತಿನ ಅನ್ನ ಒಲೆ ಮೇಲೆ ಇರುತ್ತದೆ ಅಲ್ವಾ, ಹಾಗೆ. ಹಿಮೋಗ್ಲೋಬಿನ್ ಬೀಳುವುದು ಎಲ್ಲಕ್ಕಿಂತ ಕೊನೆಗೆ. ಅಷ್ಟು ಹೊತ್ತಿಗೆ ಸುಸ್ತು, ಕೂದಲು ಉದುರುವುದು, ಕಾಲು ಹಿಂಡುವುದು, ಐಸ್ ಅಗಿಯುವ ಆಸೆ ಎಲ್ಲ ಶುರುವಾಗಿರುತ್ತದೆ. ನಮ್ಮ ಕಡೆ ಹಸಿ ಅಕ್ಕಿ ತಿನ್ನುತ್ತಾಳೆ ಅಂತ ಎಷ್ಟು ಹುಡುಗಿಯರು ಬೈಸಿಕೊಂಡಿಲ್ಲ? ಅದರ ಹಿಂದೆಯೂ ಎಷ್ಟೋ ಸಲ ಇದೇ ಇರುತ್ತದೆ.

ಹಾಗಾದರೆ ರಿಪೋರ್ಟ್‌ನಲ್ಲಿ ನಾರ್ಮಲ್ ಅಂತ ಯಾಕೆ ಬಂತು? ಲ್ಯಾಬ್‌ಗಳು ಇಟ್ಟುಕೊಂಡಿದ್ದ ಕೆಳಗಿನ ಗೆರೆಯೇ ತೀರಾ ಕೆಳಗಿತ್ತು. ಒಂದು ಗುಂಪಿನ ಜನರ ರಕ್ತ ಪರೀಕ್ಷೆ ಮಾಡಿ, ಅದರಲ್ಲಿ ಸಿಕ್ಕಿದ್ದನ್ನೇ ನಾರ್ಮಲ್ ಅಂದರೆ, ಆ ಗುಂಪಿನ ಹೆಂಗಸರಲ್ಲೇ ಬಹಳ ಜನಕ್ಕೆ ಕಬ್ಬಿಣ ಕಡಿಮೆ ಇದ್ದಾಗ ಏನಾಗುತ್ತದೆ? ಕೊರತೆಯೇ ನಾರ್ಮಲ್ ಆಗಿಬಿಡುತ್ತದೆ. ಟೊರೊಂಟೊದ ಸೇಂಟ್ ಮೈಕಲ್ಸ್ ಆಸ್ಪತ್ರೆಯ ರಕ್ತರೋಗ ತಜ್ಞೆ ಡಾ. ಮಿಶೆಲ್ ಶೋಲ್ಜ್‌ಬರ್ಗ್ ಮತ್ತು ಅವರ ಜೊತೆಯವರು ಇದನ್ನು ಹಿಡಿದು ವರ್ಷಗಟ್ಟಲೆ ಬಡಿದಾಡಿದರು. 2024ರಲ್ಲಿ ಒಂಟಾರಿಯೊದ ದೊಡ್ಡ ಲ್ಯಾಬ್‌ಗಳು ದೊಡ್ಡವರ ಫೆರಿಟಿನ್ ಗೆರೆಯನ್ನು 30ಕ್ಕೆ ಏರಿಸಿದವು. ನಿಮ್ಮ ಪರೀಕ್ಷೆ 2023ರದ್ದು. ಇವತ್ತು ಅದೇ ರಕ್ತ ಕೊಟ್ಟಿದ್ದರೆ 16ರ ಪಕ್ಕದಲ್ಲಿ ಕಡಿಮೆ ಅಂತ ಗುರುತು ಬಿದ್ದಿರುತ್ತಿತ್ತು. ನಿಮ್ಮ ಮೈ ಬದಲಾಗಿಲ್ಲ, ಗೆರೆ ಬದಲಾಯಿತು, ಅಷ್ಟೇ. ಇಂಥ ಕೊರತೆ ಎಷ್ಟು ಜನಕ್ಕಿದೆ ಗೊತ್ತಾ? ಒಂಟಾರಿಯೊದಲ್ಲಿ 44,000ಕ್ಕೂ ಹೆಚ್ಚು ಬಸುರಿಯರ ದಾಖಲೆ ನೋಡಿ 2021ರಲ್ಲಿ ಒಂದು ಅಧ್ಯಯನ ಬಂತು. ಸುಮಾರು 40 ಶೇಕಡಾ ಮಂದಿಗೆ ಫೆರಿಟಿನ್ ಪರೀಕ್ಷೆಯನ್ನೇ ಮಾಡಿರಲಿಲ್ಲ. ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಕೊರತೆ ಇತ್ತು.

ಊರಿನ ರಿಪೋರ್ಟ್ ಜೊತೆ ಹೋಲಿಸುವಾಗ ಒಂದು ಗೊಂದಲ ಆಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಇಲ್ಲಿ ಹಿಮೋಗ್ಲೋಬಿನ್ 122 ಅಂದರೆ ಊರಲ್ಲಿ 12.2. ಫೆರಿಟಿನ್ ಮಾತ್ರ ಎರಡೂ ಕಡೆ ಅದೇ ಅಂಕೆ.

ಪಾಲಕ್ ವಿಷಯಕ್ಕೆ ಬರೋಣ. ಪಾಲಕ್, ಬೀಟ್‌ರೂಟ್, ಖರ್ಜೂರ, ಬೆಲ್ಲ, ಯಾವುದೂ ತಪ್ಪಲ್ಲ, ತಿನ್ನಿ. ಆದರೆ ಲೆಕ್ಕ ಹಾಕಿ ನೋಡಿ. ಊಟದಿಂದ ಮೈ ಹೀರಿಕೊಳ್ಳುವ ಕಬ್ಬಿಣ ದಿನಕ್ಕೆ ಒಂದೆರಡು ಮಿಲಿಗ್ರಾಂ. 100 ಮಿಲಿಲೀಟರ್ ರಕ್ತ ಹೋದರೆ ಸುಮಾರು 40 ಮಿಲಿಗ್ರಾಂ ಹೋಯಿತು. ನೀವು ಹೇಳುವ ರೀತಿಯ ಬ್ಲೀಡಿಂಗ್‌ನಲ್ಲಿ ತಿಂಗಳಿಗೆ ಅದಕ್ಕಿಂತಲೂ ಜಾಸ್ತಿ ಹೋಗಬಹುದು. ನಲ್ಲಿ ತೆರೆದಿಟ್ಟು ಚೊಂಬಿನಲ್ಲಿ ನೀರು ತುಂಬಿಸಿದ ಹಾಗೆ. ಮೊದಲು ನಲ್ಲಿ ಕಟ್ಟಬೇಕು, ಜೊತೆಗೆ ತೊಟ್ಟಿಯನ್ನೂ ತುಂಬಿಸಬೇಕು. ಬರೀ ಒಂದು ಮಾಡಿದರೆ ಸಾಲದು.

ಮುಟ್ಟಿನಲ್ಲಿ ಎಷ್ಟು ಹೋದರೆ ಜಾಸ್ತಿ ಅಂತ ನಮಗೆ ಯಾರೂ ಹೇಳಿಕೊಡುವುದಿಲ್ಲ. ಅಮ್ಮನಿಗೂ ಹಾಗೇ, ಅಜ್ಜಿಗೂ ಹಾಗೇ ಅಂತ ನಾವೂ ಸುಮ್ಮನಿರುತ್ತೇವೆ. ಏಳು ದಿನಕ್ಕಿಂತ ಹೆಚ್ಚು ಬ್ಲೀಡಿಂಗ್, ಎರಡು ಗಂಟೆಗಿಂತ ಬೇಗ ಪ್ಯಾಡ್ ತುಂಬುವುದು, ಡಾಲರ್ ನಾಣ್ಯದಷ್ಟು ದೊಡ್ಡ ರಕ್ತದ ಗಡ್ಡೆಗಳು, ಬಟ್ಟೆ ಹಾಳಾದೀತು ಅಂತ ಮನೆ ಬಿಟ್ಟು ಹೊರಡದಿರುವುದು, ಇವೆಲ್ಲ ಜಾಸ್ತಿ. ಅಳತೆಯೇ ಬೇಡ, ಬದುಕಿಗೆ ಅಡ್ಡಿಯಾದರೆ ಅದು ಜಾಸ್ತಿ. ಮನೆಯಲ್ಲಿ ಅಮ್ಮನಿಗೂ ಹೀಗೇ ಇತ್ತು ಅಂದರೆ ಅದು ಸಮಾಧಾನದ ಮಾತಲ್ಲ, ಸುಳಿವು. ರಕ್ತ ಬೇಗ ಹೆಪ್ಪುಗಟ್ಟದ ವಾನ್ ವಿಲ್ಲೆಬ್ರಾಂಡ್ ಅನ್ನುವ ಕಾಯಿಲೆ ವಂಶದಲ್ಲಿ ಬರುತ್ತದೆ. ಹಲ್ಲು ಕೀಳಿಸಿದಾಗ, ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿತ್ತಾ, ಮೈ ಮೇಲೆ ಸುಲಭವಾಗಿ ನೀಲಿಗಟ್ಟುತ್ತಾ, ಇವನ್ನು ಯೋಚಿಸಿ. ಕಿಂಗ್‌ಸ್ಟನ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಡಾ. ಪೌಲಾ ಜೇಮ್ಸ್ ‘ಲೆಟ್ಸ್ ಟಾಕ್ ಪೀರಿಯಡ್’ ಅಂತ ಒಂದು ಕೆಲಸ ಶುರು ಮಾಡಿದ್ದಾರೆ. ಅದರಲ್ಲಿ ನೀವೇ ಉತ್ತರ ತುಂಬಿ ನಿಮ್ಮ ಬ್ಲೀಡಿಂಗ್‌ಗೆ ಅಂಕ ಹಾಕಿಕೊಳ್ಳಬಹುದು. ಅದನ್ನು ಪ್ರಿಂಟ್ ತೆಗೆದು ಡಾಕ್ಟರ್ ಮುಂದೆ ಇಡಿ.

ಮಾತಿನಲ್ಲಿ ಎಷ್ಟು ಕಳೆದುಹೋಗುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ವರ್ಷಗಳ ಹಿಂದೆ ನಮ್ಮ ವಾರ್ಡಿಗೆ ಒಬ್ಬ ಹೆಂಗಸು ಬಂದರು, ಉತ್ತರ ಕರ್ನಾಟಕದವರು, ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಇಂಗ್ಲಿಷ್ ಬರುತ್ತಿರಲಿಲ್ಲ, ಗಂಡ ಅನುವಾದ ಮಾಡುತ್ತಿದ್ದರು. ಆಕೆ ಕನ್ನಡದಲ್ಲಿ ‘ಹಾಸಿಗಿ ಎಲ್ಲಾ ತೊಯ್ದು ಹೋಗ್ತದ್ರಿ, ರಾತ್ರಿ ಟವೆಲ್ ಹಾಸ್ಕೊಂಡು ಮಲಗ್ತೀನಿ’ ಅಂದರು. ಗಂಡ ಡಾಕ್ಟರಿಗೆ ಹೇಳಿದ್ದು, ‘ಪೀರಿಯಡ್ಸ್ ಸ್ವಲ್ಪ ಇರ್ರೆಗ್ಯುಲರ್’. ಅವರದೇನೂ ಕೆಟ್ಟ ಉದ್ದೇಶವಲ್ಲ, ನಾಚಿಕೆ. ನಾನು ಆವತ್ತು ಅಲ್ಲಿ ಇರದಿದ್ದರೆ ಚಾರ್ಟಿನಲ್ಲಿ ಅದೇ ಸಾಲು ಉಳಿಯುತ್ತಿತ್ತು. ಬಹಳ ಆಸ್ಪತ್ರೆಗಳಲ್ಲಿ ಫೋನ್ ಮೂಲಕ ದುಭಾಷಿ ಸಿಗುತ್ತಾರೆ, ಕೇಳಿದರೆ ಕನ್ನಡಕ್ಕೂ ಸಿಗಬಹುದು. ನಿಮಗೆ ಇಂಗ್ಲಿಷ್ ಬಂದರೂ ಇಂಥ ಮಾತನ್ನು ಕನ್ನಡದಲ್ಲೇ ಹೇಳುವುದು ಸುಲಭ ಅನಿಸಿದರೆ ಕೇಳಲು ಸಂಕೋಚ ಬೇಡ.

ಕೆನಡಾದಂಥ ದೇಶದಲ್ಲಿ ಹೀಗಾಗುತ್ತಾ ಅಂತ ಊರಲ್ಲಿ ಕೇಳುತ್ತಾರೆ. ಆಗುತ್ತದೆ. 2004ರಲ್ಲಿ ದೇಶದ 20 ಆಸ್ಪತ್ರೆಗಳ ದಾಖಲೆ ತೆಗೆದು ನೋಡಿದ ಅಧ್ಯಯನವೊಂದು ಬಂತು: ದಾಖಲಾದ 100 ಜನರಲ್ಲಿ ಸುಮಾರು 7.5 ಮಂದಿಗೆ ಚಿಕಿತ್ಸೆಯಿಂದಲೇ ಏನಾದರೂ ಹಾನಿಯಾಗಿತ್ತು, ಅದರಲ್ಲಿ ಮೂರರಲ್ಲೊಂದಕ್ಕೂ ಹೆಚ್ಚು ತಪ್ಪಿಸಬಹುದಾಗಿದ್ದವು. ರೋಗಿಯ ಸುರಕ್ಷತೆ ಅನ್ನುವ ಮಾತು ಇಲ್ಲಿ ಗಟ್ಟಿಯಾಗಿ ಕೇಳಿಸತೊಡಗಿದ್ದು ಆಮೇಲೆ. ಇನ್ನು ತಾರತಮ್ಯ. 2020ರ ಸೆಪ್ಟೆಂಬರ್ 28ರಂದು ಕ್ವಿಬೆಕ್‌ನ ಜೋಲಿಯೆಟ್ ಆಸ್ಪತ್ರೆಯಲ್ಲಿ ಜಾಯ್ಸ್ ಎಚಕ್ವಾನ್ ಅನ್ನುವ ಆದಿವಾಸಿ ಹೆಂಗಸು ತೀರಿಕೊಂಡರು. ಏಳು ಮಕ್ಕಳ ತಾಯಿ, 37 ವರ್ಷ. ಸಿಬ್ಬಂದಿ ಅವಮಾನ ಮಾಡುತ್ತಿದ್ದುದನ್ನು ಆಕೆಯೇ ಫೋನಿನಲ್ಲಿ ಲೈವ್ ಮಾಡಿದ್ದರು. ಆ ಸಾವಿನಲ್ಲಿ ಜನಾಂಗ ದ್ವೇಷದ ಪಾಲಿದೆ ಅಂತ ಕರೋನರ್, ಅಂದರೆ ಸಾವಿನ ತನಿಖೆ ಮಾಡುವ ಅಧಿಕಾರಿ, ಬರೆದರು. ನಾನು ಆ ವಿಡಿಯೋ ಪೂರ್ತಿ ನೋಡಲಾಗಲಿಲ್ಲ.

ಹಾಗಂತ ನಿಮ್ಮ ಡಾಕ್ಟರ್ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಹತ್ತು ನಿಮಿಷದ ಭೇಟಿ, ಹೊರಗೆ ಕಾಯುವವರ ಸಾಲು, ಲ್ಯಾಬ್ ರಿಪೋರ್ಟ್‌ನಲ್ಲಿ ಕೆಂಪು ಗುರುತಿಲ್ಲ, ಎದುರಿಗೆ ಕೂತವಳು ‘ಸ್ವಲ್ಪ ಸುಸ್ತು ಡಾಕ್ಟರ್’ ಅಂತ ಮೆಲ್ಲಗೆ ಹೇಳುತ್ತಾಳೆ, ಅಲ್ಲಿಗೆ ಮುಗಿಯಿತು. ಈ ಸರಪಳಿಯನ್ನು ಎಲ್ಲಿ ತುಂಡು ಮಾಡಬಹುದು ಅಂತ ನೋಡಬೇಕು.

ಈ ಒಂದೇ ವಿಷಯಕ್ಕೆ ಅಂತ ಹೇಳಿ ಅಪಾಯಿಂಟ್‌ಮೆಂಟ್ ತಗೊಳ್ಳಿ, ಸ್ವಲ್ಪ ಜಾಸ್ತಿ ಸಮಯ ಕೇಳಿ. ಎರಡು ತಿಂಗಳ ಮುಟ್ಟಿನ ಲೆಕ್ಕ ಬರೆದುಕೊಂಡು ಹೋಗಿ, ದಿನಕ್ಕೆ ಎಷ್ಟು ಪ್ಯಾಡ್, ರಾತ್ರಿ ಎಷ್ಟು ಸಲ ಎದ್ದಿರಿ, ಎಷ್ಟು ದಿನ ರಜಾ ಹಾಕಿದಿರಿ. ಸುಸ್ತು ಅನ್ನಬೇಡಿ. ‘ಡೇಕೇರ್‌ನಲ್ಲಿ ಮಗುವನ್ನು ಎತ್ತಿಕೊಂಡು ನಿಲ್ಲಲು ಆಗುತ್ತಿಲ್ಲ’ ಅನ್ನಿ. ಸುಸ್ತು ಎಲ್ಲರಿಗೂ ಇದೆ, ಮಗು ಎತ್ತಲಾಗದಿರುವುದು ಎಲ್ಲರಿಗೂ ಇಲ್ಲ. ನಾರ್ಮಲ್ ಅಂದ ಕೂಡಲೇ ಮೃದುವಾಗಿ ಕೇಳಿ: ‘ನಂಬರ್ ಎಷ್ಟು ಡಾಕ್ಟರ್? 30ಕ್ಕಿಂತ ಮೇಲಿದೆಯಾ?’ ರಕ್ತ ಪರೀಕ್ಷೆ ಹೊಸದಾಗಿ ಮಾಡಿಸಿ ಅನ್ನಿ. ಥೈರಾಯ್ಡ್, ಬಿ12 ಎರಡನ್ನೂ ಸೇರಿಸಲು ಹೇಳಿ, ಸಸ್ಯಾಹಾರಿಯಾದರಂತೂ ಬಿ12 ಬೇಕೇ ಬೇಕು. ಇನ್ನೊಂದು, ನಮ್ಮ ಜನರಲ್ಲಿ ಕೆಲವರಿಗೆ ಥಲಸ್ಸೀಮಿಯಾ ಟ್ರೇಟ್, ಅಂದರೆ ವಂಶದಿಂದ ಬರುವ ರಕ್ತದ ಒಂದು ಗುಣ, ಇರುತ್ತದೆ. ಕೆಂಪು ರಕ್ತಕಣಗಳು ಚಿಕ್ಕದಾಗಿ ಕಾಣುತ್ತವೆ, ಅದನ್ನು ಕಬ್ಬಿಣದ ಕೊರತೆ ಅಂದುಕೊಂಡು ವರ್ಷಗಟ್ಟಲೆ ಮಾತ್ರೆ ಕೊಟ್ಟವರೂ ಇದ್ದಾರೆ, ಕೊರತೆ ಇದ್ದರೂ ಟ್ರೇಟ್ ಅಂತ ಬಿಟ್ಟವರೂ ಇದ್ದಾರೆ. ಫೆರಿಟಿನ್ ನೋಡದೆ ಎರಡನ್ನೂ ತೀರ್ಮಾನ ಮಾಡಬಾರದು.

ಅವರು ಬೇಡ ಅಂದರೆ ನಾನು ಎಲ್ಲರಿಗೂ ಹೇಳಿಕೊಡುವ ಒಂದು ಮಾತಿದೆ. ‘ಸರಿ ಡಾಕ್ಟರ್, ನಾನು ಕೇಳಿದ್ದೆ, ನೀವು ಬೇಡ ಅಂದಿರಿ, ಯಾಕೆ ಬೇಡ ಅನ್ನುವುದನ್ನು ನನ್ನ ಚಾರ್ಟಿನಲ್ಲಿ ಬರೆಯುತ್ತೀರಾ?’ ಜಗಳದ ದನಿಯಲ್ಲಲ್ಲ, ಇವತ್ತಿನ ತಾರೀಕು ಕೇಳಿದ ಹಾಗೆ ಕೇಳಿ. ಬರೆಯಬೇಕು ಅಂದಾಗ ಯಾರೇ ಆದರೂ ಇನ್ನೊಂದು ಸಲ ಯೋಚಿಸುತ್ತಾರೆ. ಆ ಚಾರ್ಟ್ ನೋಡುವ ಹಕ್ಕು ನಿಮಗಿದೆ, ಕೆನಡಾದ ಸುಪ್ರೀಂ ಕೋರ್ಟ್ 1992ರಲ್ಲೇ ಇದನ್ನು ಹೇಳಿದೆ. ಒಂಟಾರಿಯೊದ 2004ರ ಆರೋಗ್ಯ ಮಾಹಿತಿ ಕಾನೂನಿನ ಪ್ರಕಾರ ಬರೆದು ಕೇಳಿದರೆ ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಪ್ರತಿಗೆ ಸ್ವಲ್ಪ ಶುಲ್ಕ ಹಾಕಬಹುದು.

ಒಂಬತ್ತು ತಿಂಗಳು ಕೈ ಕಟ್ಟಿ ಕೂರಬೇಕಿಲ್ಲ. ಇ-ಕನ್ಸಲ್ಟ್ ಅಂತ ಒಂದು ದಾರಿ ಇದೆ, ಒಟ್ಟಾವಾದಲ್ಲಿ ಶುರುವಾಗಿ ಇಡೀ ಒಂಟಾರಿಯೊಗೆ ಬಂದದ್ದು. ನಿಮ್ಮ ಡಾಕ್ಟರ್ ಗೈನಕಾಲಜಿಸ್ಟ್‌ಗೆ ಆನ್‌ಲೈನ್‌ನಲ್ಲಿ ಪ್ರಶ್ನೆ ಕಳಿಸುತ್ತಾರೆ, ಎಷ್ಟೋ ಸಲ ಕೆಲವೇ ದಿನಗಳಲ್ಲಿ ಉತ್ತರ ಬರುತ್ತದೆ, ನೀವು ಹೋಗಬೇಕಿಲ್ಲ, ದುಡ್ಡೂ ಇಲ್ಲ. ಬಹಳ ರೋಗಿಗಳಿಗೆ ಇದು ಗೊತ್ತೇ ಇಲ್ಲ. ಗೈನಕಾಲಜಿಸ್ಟ್ ಆಫೀಸಿಗೆ ಫೋನ್ ಮಾಡಿ ಯಾರಾದರೂ ಕ್ಯಾನ್ಸಲ್ ಮಾಡಿದರೆ ಕರೆಯುವ ಪಟ್ಟಿಗೆ ಹೆಸರು ಸೇರಿಸಿ ಅನ್ನಿ. ಬೇರೆ ಊರಿನ ಗೈನಕಾಲಜಿಸ್ಟ್‌ಗೂ ರೆಫರಲ್ ಕೇಳಬಹುದು. ಹ್ಯಾಮಿಲ್ಟನ್‌ಗೆ ಹೋಗಲು ಸಿದ್ಧ ಅಂದರೆ ಕೆಲವೊಮ್ಮೆ ತಿಂಗಳುಗಳೇ ಉಳಿಯುತ್ತವೆ.

ಮಧ್ಯೆ ಫ್ಯಾಮಿಲಿ ಡಾಕ್ಟರ್ ಕೂಡ ಚಿಕಿತ್ಸೆ ಶುರು ಮಾಡಬಹುದು. ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ ಮಾತ್ರೆ ಬ್ಲೀಡಿಂಗ್ ದಿನಗಳಲ್ಲಿ ಮಾತ್ರ ತಗೊಳ್ಳುವುದು, ಹಾರ್ಮೋನ್ ಅಲ್ಲ. ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರು ತಗೊಳ್ಳಬಾರದು. ಹಾರ್ಮೋನ್ ಇರುವ ಐಯುಡಿ, ಅಂದರೆ ಗರ್ಭಕೋಶದೊಳಗೆ ಹಾಕುವ ಚಿಕ್ಕ ಸಾಧನ, ಬ್ಲೀಡಿಂಗನ್ನು ತುಂಬಾ ಕಡಿಮೆ ಮಾಡುತ್ತದೆ, ಆದರೆ ಮೊದಲ ಮೂರರಿಂದ ಆರು ತಿಂಗಳು ಆಗಾಗ ರಕ್ತದ ಕಲೆ ಕಾಣಿಸಿಕೊಂಡು ತಲೆ ತಿನ್ನುತ್ತದೆ, ಫೈಬ್ರಾಯ್ಡ್ ಗರ್ಭಕೋಶದ ಒಳಗೋಡೆಗೆ ಚಾಚಿದ್ದರೆ ಐಯುಡಿ ಜಾರಿ ಹೊರಬರಲೂಬಹುದು, ಸಾವಿರಕ್ಕೆ ಸುಮಾರು ಒಬ್ಬರಲ್ಲಿ ಗರ್ಭಕೋಶಕ್ಕೆ ಚುಚ್ಚುವ ಸಾಧ್ಯತೆಯೂ ಇದೆ. ಹಾಕುವಾಗ ನೋವಾಗುತ್ತದೆ. ನೋವಿಗೆ ಏನು ಕೊಡುತ್ತೀರಿ ಅಂತ ಮೊದಲೇ ಕೇಳಿ. ಚಿಟಿಕೆ ಹೊಡೆದಷ್ಟು ಅಂತ ಹೇಳಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ. ನಿಮಗೆ 40 ದಾಟಿರುವುದರಿಂದ ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಬೇಕಾ ಅಂತಲೂ ಕೇಳಿ. ಇದು ಹೆದರಿಸುವುದಕ್ಕಲ್ಲ, ಈ ವಯಸ್ಸಿನ ನಂತರ ಅದನ್ನು ಯೋಚಿಸಬೇಕು ಅಂತ ಇಲ್ಲಿನ ತಜ್ಞರ ಮಾರ್ಗಸೂಚಿಯೇ ಹೇಳುತ್ತದೆ.

ಕಬ್ಬಿಣದ ಮಾತ್ರೆ ದಿನಕ್ಕೊಂದು ಅಥವಾ ದಿನ ಬಿಟ್ಟು ದಿನ ಸಾಕು, ಮೂರು ಮೂರು ನುಂಗಿದರೆ ಹೊಟ್ಟೆ ಕೆಡುತ್ತದೆ ಅಷ್ಟೇ. ಕಾಫಿ ಟೀಗೂ ಮಾತ್ರೆಗೂ ಒಂದೆರಡು ಗಂಟೆ ಅಂತರ ಇರಲಿ, ಹಾಸನದವರಿಗೆ ಇದೇ ಕಷ್ಟದ ಭಾಗ ಅಂತ ನನಗೆ ಗೊತ್ತು. ಮಾತ್ರೆ ಮೈಗೆ ಒಗ್ಗದಿದ್ದರೆ ಡ್ರಿಪ್ ಮೂಲಕ ಕೊಡುವ ಕಬ್ಬಿಣ ಇದೆ. ಅಪರೂಪಕ್ಕೆ ಅಲರ್ಜಿ ಆಗುತ್ತದೆ, ಸೂಜಿ ಸರಿದರೆ ಚರ್ಮದ ಮೇಲೆ ಕಂದು ಕಲೆ ಉಳಿಯುತ್ತದೆ. ಆಸ್ಪತ್ರೆ ಹೊರಗಿನ ಔಷಧಿಯನ್ನು ನಿಮ್ಮ ವಯಸ್ಸಿನವರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ ಒಹಿಪ್ ಕೊಡುವುದಿಲ್ಲ, ಕೆಲಸದ ಕಡೆಯ ವಿಮೆ ಇದ್ದರೆ ನೋಡಿ.

ಊರಿಂದ ಯಾರಾದರೂ ಫೈಬ್ರಾಯ್ಡ್ ಕರಗಿಸುವ ಮಾತ್ರೆ ತಂದುಕೊಟ್ಟರೆ ಹೆಸರು ನೋಡದೆ ನುಂಗಬೇಡಿ. ಯೂಲಿಪ್ರಿಸ್ಟಾಲ್ ಅನ್ನುವ ಮಾತ್ರೆಯನ್ನು ಲಿವರ್ ಹಾನಿಯ ಭಯದಿಂದ ಇಲ್ಲಿ 2020ರಲ್ಲಿ ಮಾರುಕಟ್ಟೆಯಿಂದ ತೆಗೆದರು. ಯಾವ ಔಷಧಿಯಿಂದ ಏನೇ ಆದರೂ ನೀವೇ ನೇರವಾಗಿ ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆ ಹೆಲ್ತ್ ಕೆನಡಾಗೆ ತಿಳಿಸಬಹುದು. ಆಸ್ಪತ್ರೆಗಳಂತೂ ಗಂಭೀರ ಅಡ್ಡಪರಿಣಾಮಗಳನ್ನು 2019ರ ಡಿಸೆಂಬರ್‌ನಿಂದ ಕಡ್ಡಾಯವಾಗಿ ತಿಳಿಸಬೇಕು. ಆ ಕಾನೂನಿಗೆ ವನೆಸ್ಸಾ ಕಾನೂನು ಅಂತ ಹೆಸರು. ವನೆಸ್ಸಾ ಯಂಗ್ ಒಂಟಾರಿಯೊದ ಹುಡುಗಿ, 15 ವರ್ಷ, 2000ದಲ್ಲಿ ಹೊಟ್ಟೆಗೆ ಅಂತ ಕೊಟ್ಟ ಮಾತ್ರೆಯಿಂದ ಹೃದಯ ನಿಂತು ತೀರಿಕೊಂಡಳು. ಅವಳ ಅಪ್ಪ ಟೆರೆನ್ಸ್ ಯಂಗ್ ಸಂಸದರಾಗಿ, 2014ರಲ್ಲಿ ಆ ಕಾನೂನು ಬರುವವರೆಗೆ ಬಿಡಲಿಲ್ಲ.

ಈಗ ಅಮ್ಮನ ಮಾತು. ಅಮ್ಮನ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೆ 4 ಸೆಂಟಿಮೀಟರ್ ಫೈಬ್ರಾಯ್ಡ್‌ಗೆ, ಒಂದೂ ಚಿಕಿತ್ಸೆ ಮಾಡಿ ನೋಡದೆ, ಗರ್ಭಕೋಶ ತೆಗೆಸುವುದು ಮೊದಲ ಹೆಜ್ಜೆ ಆಗಬಾರದು. ನಮ್ಮ ಕಲಬುರಗಿ ಜಿಲ್ಲೆಯಲ್ಲೇ ಲಂಬಾಣಿ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಬೇಕಿಲ್ಲದೆ ತೆಗೆದ ಪ್ರಕರಣ 2015ರ ಸುಮಾರಿಗೆ ದೊಡ್ಡ ಸುದ್ದಿಯಾಗಿತ್ತು. ಹೊಟ್ಟೆನೋವು ಅಂತ ಹೋದವರಿಗೆ ಕ್ಯಾನ್ಸರ್ ಆಗುತ್ತೆ ಅಂತ ಹೆದರಿಸಿದ್ದರು. ಅದನ್ನು ಮರೆಯುವ ಹಾಗಿಲ್ಲ. ಒಳ್ಳೆಯ ಡಾಕ್ಟರು ಊರಲ್ಲೂ ಇದ್ದಾರೆ, ಕೆಲವರಿಗೆ ಈ ಆಪರೇಷನ್ ನಿಜಕ್ಕೂ ಹೊಸ ಜೀವ ಕೊಡುತ್ತದೆ. ಫೈಬ್ರಾಯ್ಡ್ ಮಾತ್ರ ತೆಗೆಯುವುದು, ಅದಕ್ಕೆ ಹೋಗುವ ರಕ್ತನಾಳ ಮುಚ್ಚುವುದು, ಇವೂ ಇವೆ. ಎಲ್ಲೇ ಮಾಡಿಸಿದರೂ ಕೇಳಿ: ಅಂಡಾಶಯ ಉಳಿಸುತ್ತೀರಾ? ಮುಟ್ಟು ನಿಲ್ಲುವ ಮೊದಲೇ ಅದನ್ನೂ ತೆಗೆದರೆ ಮೂಳೆಗೂ ಹೃದಯಕ್ಕೂ ಪೆಟ್ಟು. ಫೈಬ್ರಾಯ್ಡ್ ಗಡ್ಡೆಯನ್ನು ಒಳಗೇ ಪುಡಿ ಮಾಡಿ ತೆಗೆಯುತ್ತೀರಾ? ಗೊತ್ತಾಗದ ಕ್ಯಾನ್ಸರ್ ಹರಡುವ ಅಪಾಯದ ಬಗ್ಗೆ ಹೆಲ್ತ್ ಕೆನಡಾ 2014ರಲ್ಲೇ ಎಚ್ಚರಿಸಿದೆ. ಊರಲ್ಲಿ ಆಪರೇಷನ್ ಆಗಿ ಎರಡು ವಾರಕ್ಕೆ ಇಲ್ಲಿಗೆ ಬಂದು ಜ್ವರ ಬಂದರೆ, ಇಲ್ಲಿನವರ ಕೈಯಲ್ಲಿ ಆಪರೇಷನ್ ಕಾಗದವೇ ಇರುವುದಿಲ್ಲ. ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ದೂರಿನ ಭಯ ಬಿಡಿ. ನಿಮ್ಮ ಆರೋಗ್ಯದ ದೂರು ವಲಸೆ ಇಲಾಖೆಗೆ ಹೋಗುವುದಿಲ್ಲ, ಪೌರತ್ವಕ್ಕೂ ಅದಕ್ಕೂ ಸಂಬಂಧವಿಲ್ಲ. ಡಾಕ್ಟರ್ ಮನಸ್ಸು ಕಹಿಯಾಗಬಹುದಾ? ಆಗಬಹುದು, ಸುಳ್ಳು ಹೇಳುವುದಿಲ್ಲ. ಅದಕ್ಕೇ ಮೊದಲು ಮಾತು, ಆಮೇಲೆ ಒಂದು ಸಣ್ಣ ಪತ್ರ, ದೂರು ಕೊನೆಗೆ. ಡಾಕ್ಟರ್ ನಿಮ್ಮನ್ನು ಬಿಡಬೇಕೆಂದರೂ ಬರೆದು ತಿಳಿಸಬೇಕು, ಬೇರೆಯವರನ್ನು ಹುಡುಕಲು ಸಮಯ ಕೊಡಬೇಕು ಅನ್ನುವ ನಿಯಮವಿದೆ. ಆಸ್ಪತ್ರೆಯಲ್ಲಿ ಆದ ತೊಂದರೆಗೆ ಅಲ್ಲಿನ ಪೇಷೆಂಟ್ ರಿಲೇಷನ್ಸ್ ವಿಭಾಗ, ಅಲ್ಲಿ ಬಗೆಹರಿಯದಿದ್ದರೆ ರೋಗಿಗಳ ದೂರು ವಿಚಾರಿಸುವ ಒಂಟಾರಿಯೊದ ಪೇಷೆಂಟ್ ಆಂಬುಡ್ಸ್‌ಮನ್. ಡಾಕ್ಟರ ಮೇಲಿನ ದೂರು ಅವರ ಕಾಲೇಜಿಗೆ, ಅಂದರೆ ಡಾಕ್ಟರರಿಗೆ ಲೈಸೆನ್ಸ್ ಕೊಡುವ ಸಿಪಿಎಸ್‌ಒ ಸಂಸ್ಥೆಗೆ. ಅಲ್ಲಿ ಪರಿಹಾರದ ಹಣ ಸಿಗುವುದಿಲ್ಲ. ಕೋರ್ಟಿಗೆ ಹೋಗಬೇಕಾದಂಥ ಹಾನಿಯಾದರೆ ಅದು ಗೊತ್ತಾದಾಗಿನಿಂದ ಸಾಮಾನ್ಯವಾಗಿ ಎರಡೇ ವರ್ಷದ ಗಡುವು. ನಿಮ್ಮ ವಿಷಯ ಅಲ್ಲಿಗೆ ಹೋಗುವಂಥದ್ದು ಅಂತ ನನಗೆ ಈಗ ಅನಿಸುತ್ತಿಲ್ಲ. ನಿಮಗೀಗ ಬೇಕಿರುವುದು ಒಂದು ಸರಿಯಾದ ಭೇಟಿ.

ಇದೆಲ್ಲ ಕಾಯಬಹುದಾದ ಮಾತು. ಕಾಯಬಾರದ್ದು ಇದು: ಗಂಟೆಗೊಂದು ಪ್ಯಾಡ್ ಪೂರ್ತಿ ತೊಯ್ದು ಅದು ಎರಡು ಗಂಟೆ ಮೀರಿದರೆ, ತಲೆ ಸುತ್ತಿ ಬಿದ್ದರೆ, ಎದೆ ನೋವು ಬಂದರೆ, ಅಥವಾ ಬಸುರಿಯಾಗಿರುವ ಸಾಧ್ಯತೆ ಇದ್ದು ಬ್ಲೀಡಿಂಗ್ ಆದರೆ ಆವತ್ತೇ ಎಮರ್ಜೆನ್ಸಿಗೆ ಹೋಗಿ, ನಿಲ್ಲಲು ಆಗದಿದ್ದರೆ ಆಂಬುಲೆನ್ಸ್‌ಗೆ 911. ಅನುಮಾನ ಇದ್ದರೆ ಯಾವ ಹೊತ್ತಿನಲ್ಲಾದರೂ 811ಕ್ಕೆ ಫೋನ್ ಮಾಡಿ, ನರ್ಸ್ ಮಾತಾಡುತ್ತಾರೆ.

ಹೊಸ ಫೆರಿಟಿನ್ ರಿಪೋರ್ಟ್ ಬಂದ ಮೇಲೆ ನಂಬರ್ ಎಷ್ಟು ಅಂತ ನನಗೂ ಬರೆಯಿರಿ. ಹಾಗೇ ಅಮ್ಮನನ್ನೂ ಒಂದು ಸಲ ಕೇಳಿ, ಅವರ ಕಾಲದಲ್ಲಿ ಎಷ್ಟು ದಿನ ಹೋಗುತ್ತಿತ್ತು ಅಂತ.